ದೋಣಿಯೂ ಒಂದು ರಾಜಮಾರ್ಗ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಖಾನಾಪುರದ ಕಾಡಿನಲ್ಲಿ ಹುಟ್ಟಿದ ಮಹದಾಯಿಯೇ ಇಲ್ಲಿ ಮಾಂಡವಿಯಾಗಿ ಹರಿದು ಸಮುದ್ರವನ್ನು ಸೇರುತ್ತಾಳೆ. ಆ ಹೊಳೆಯನ್ನು ದಾಟಿಸುವ ಫೆರಿ ದೋಣಿಗಳ ವಿಷಯವಾಗಿ ಎರಡು ಮಾತುಗಳನ್ನು ಇಂದು ತಮ್ಮ ಮುಂದಿಡಬಯಸುತ್ತೇವೆ.

ಹೊಳೆಯ ನಡುವಿನ ದಿವಾಡಿ ದ್ವೀಪವು ಕನ್ನಡಿಗರಾದ ನಮಗೆ ಪರಕೀಯವಲ್ಲ. ಗೋವೆಯ ಕದಂಬರ ಆರಾಧ್ಯದೈವವಾದ ಸಪ್ತಕೋಟೇಶ್ವರನ ಮೂಲಸ್ಥಾನ ಅದು. ಪೋರ್ಚುಗೀಸರ ಕಾಲದಲ್ಲಿ ಆ ಗುಡಿ ನಾಶವಾಗಿ, ದೇವರು ಆಚೆ ದಡದ ನಾರ್ವೆಯಲ್ಲಿ ನೆಲೆಗೊಂಡನು. 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿಯ ಗುಡಿಯ ಜೀರ್ಣೋದ್ಧಾರ ಮಾಡಿಸಿದರು. ಇಂಥ ದ್ವೀಪಕ್ಕೆ ಇಂದಿಗೂ ಸೇತುವೆಯಿಲ್ಲ. ಕಾಲೇಜಿಗೆ ಹೊರಟ ಹುಡುಗನಿಗೂ, ಕೂಲಿಗೆ ಬರುವವನಿಗೂ, ಆಸ್ಪತ್ರೆಗೆ ಸಾಗಿಸಬೇಕಾದ ರೋಗಿಗೂ ದೋಣಿಯೇ ದಾರಿ.

ಈ ದೋಣಿಗಳನ್ನು ಸರಕಾರದ ನದಿ ಸಾರಿಗೆ ಇಲಾಖೆಯು ನಡೆಸುತ್ತ ಬಂದಿದೆ. ಕಾಲ್ನಡಿಗೆಯವರನ್ನೂ ದ್ವಿಚಕ್ರ ವಾಹನದವರನ್ನೂ ಹಣ ಪಡೆಯದೆ ದಾಟಿಸುವುದು ಬಹುಕಾಲದ ಪದ್ಧತಿ. ಆದಾಯ ಅಲ್ಪ, ಎಣ್ಣೆ, ಸಂಬಳ, ಉಪ್ಪುನೀರಿಗೆ ತುಕ್ಕು ಹಿಡಿವ ಕಬ್ಬಿಣದ ದುರಸ್ತಿ ಇವುಗಳ ವೆಚ್ಚವೋ ಅಪಾರ. 2023ರಲ್ಲಿ ದ್ವಿಚಕ್ರ ವಾಹನಗಳಿಗೂ ಶುಲ್ಕ ವಿಧಿಸುವ ಪ್ರಸ್ತಾಪ ಬಂದಾಗ ಜನರು ವಿರೋಧಿಸಿದರು. ಅದು ಅಲ್ಲಿಗೇ ನಿಂತಿತು.

"ದೋಣಿಯಿಂದ ಸರಕಾರಕ್ಕೆ ನಷ್ಟ, ಅದನ್ನು ಹತ್ತದವನೇಕೆ ಅದರ ಭಾರ ಹೊರಬೇಕು?" ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಆದರೆ ಸತ್ತರಿಯ ಘಟ್ಟದ ರಸ್ತೆಗೆ ಡಾಮರು ಹಾಕಿದಾಗ ಅದರ ಲಾಭವೆಷ್ಟೆಂದು ಯಾರೂ ಲೆಕ್ಕ ಕೇಳುವುದಿಲ್ಲ. ಆ ಡಾಮರಿನಲ್ಲಿ ದಿವಾಡಿಯ ಬಡವನ ತೆರಿಗೆಯೂ ಸೇರಿದೆ. ಅವನ ಊರಿನ ರಸ್ತೆ ನೀರಿನ ಮೇಲಿದೆ, ಭೇದವಿಷ್ಟೆ.

ಇನ್ನೊಂದು ಸಂಗತಿ. 1986ರ ಜುಲೈ 5ರಂದು ಪಣಜಿಯ ಮಾಂಡವಿ ಸೇತುವೆ ಕುಸಿದುಬಿತ್ತು. ರಾಜಧಾನಿಗೂ ಉತ್ತರ ದಡಕ್ಕೂ ನಡುವೆ ಅಂದು ಜನರಿಗೆ ಆಸರೆಯಾದದ್ದು ಈ ಫೆರಿ ದೋಣಿಗಳೇ. ದೋಣಿಯನ್ನೂ ಅದನ್ನು ನಡೆಸಬಲ್ಲ ನಾವಿಕನನ್ನೂ ಆಪತ್ತು ಬಂದ ದಿನ ಹುಡುಕಿದರೆ ದೊರೆಯುವುದಿಲ್ಲ, ಕಾಪಾಡಿಕೊಂಡು ಬಂದಿರಬೇಕು.

ಹಾಗೆಂದು ಹಣ ಸುರಿದರೆ ಸಾಲದು. 2025ರಲ್ಲಿ ರಾಯಬಂದರ–ಚೊಡಣಗಳ ನಡುವೆ ಹೆಚ್ಚು ವಾಹನಗಳನ್ನು ಹೊರಬಲ್ಲ ರೋ-ರೋ ದೋಣಿಗಳು ಬಂದವು. ಇದು ಸ್ವಾಗತಾರ್ಹ. ಆದರೆ ಹೊಸದು ಬಂದಿತೆಂದು ನಡೆದು ಬರುವವನ ಹಕ್ಕು ಕುಗ್ಗಬಾರದು. ಪ್ರತಿ ಮಾರ್ಗದ ಖರ್ಚುವೆಚ್ಚ ಜನರಿಗೆ ತಿಳಿಯಬೇಕು; ರಾತ್ರಿಯ ಕೊನೆಯ ದೋಣಿ ತಪ್ಪದೆ ಬರಬೇಕು; ವೇಳೆಯನ್ನು ಬದಲಿಸುವ ಮುನ್ನ ದ್ವೀಪದವರನ್ನು ಕೇಳಬೇಕು.

ದುಡಿಮೆಯನ್ನರಸಿ ಈ ನಾಡಿಗೆ ಬಂದ ನಮ್ಮ ಹಿರಿಯರನ್ನೂ ಈ ದೋಣಿ ಭಾಷೆ ಕೇಳದೆ, ಜಾತಿ ಕೇಳದೆ ದಾಟಿಸಿತು. ಆ ಋಣ ನಮ್ಮ ಮೇಲಿದೆ. ದ್ವೀಪದ ನೆರೆಯವರು ದೋಣಿಗಾಗಿ ದನಿಯೆತ್ತಿದಾಗ ಕನ್ನಡಿಗರ ದನಿಯೂ ಅದರೊಡನೆ ಸೇರಲೆಂದು ಪ್ರಾರ್ಥಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.