ಶಾಂಪೇನಿನ ರೈತರು



ಕಾರ್ ರೇಸ್ ಗೆದ್ದವರು ಶಾಂಪೇನ್ ಎರಚಾಡುವುದನ್ನು ಟಿ.ವಿ.ಯಲ್ಲಿ ನೀವು ನೋಡಿರುತ್ತೀರಿ. ಆ ಬಾಟಲಿಯ ಹಿಂದಿರುವ ರೈತರ ಬಗ್ಗೆ ಇವತ್ತು ಮಾತಾಡೋಣ.

ಫ್ರಾನ್ಸಿನ ಈಶಾನ್ಯದಲ್ಲಿ ರೀಮ್ಸ್, ಎಪರ್ನೆ ಪಟ್ಟಣಗಳ ಸುತ್ತ ಶಾಂಪೇನ್ ಸೀಮೆಯ ಸುಣ್ಣಕಲ್ಲಿನ ನೆಲ. ಅಲ್ಲಿ ಸುಮಾರು 34,000 ಹೆಕ್ಟೇರ್ ದ್ರಾಕ್ಷಿ ತೋಟಗಳಿವೆ. ಇವೆಲ್ಲ ಹೆಸರಾಂತ ಶಾಂಪೇನ್ ಕಂಪನಿಗಳ ಆಸ್ತಿಯಲ್ಲ. ನೂರಕ್ಕೆ ತೊಂಬತ್ತರಷ್ಟು ನೆಲ ರೈತರದು, ಸರಾಸರಿ ಹಿಡುವಳಿ ಐದು ಎಕರೆಯ ಆಸುಪಾಸು. ಆದರೆ ಮಾರಾಟದ ಬಹುಪಾಲು ಕಂಪನಿಗಳ ಕೈಯಲ್ಲಿದೆ.

ಚಳಿಗಾಲವೆಲ್ಲ ಕಡ್ಡಿ ಸವರುವ ಕೆಲಸ; ನಮ್ಮ ವಿಜಯಪುರದ ಬೆಳೆಗಾರರು ಚಾಟ್ನಿ ಎನ್ನುತ್ತಾರಲ್ಲ, ಅದೇ. ನಿಜವಾದ ಆತಂಕ ಏಪ್ರಿಲ್‌ನಲ್ಲಿ. ಎಳೆ ಚಿಗುರು ಒಡೆದ ಹೊತ್ತಿಗೇ ರಾತ್ರಿ ಹಿಮ ಕವಿದರೆ ವರ್ಷದ ಬೆಳೆ ಹೋಯಿತು. ಕೆಲವರು ಸಾಲುಗಳ ನಡುವೆ ಡಬ್ಬಿಗಳಲ್ಲಿ ಮೇಣ ಉರಿಸುತ್ತಾರೆ. ಕೆಲವರು ಚಿಗುರಿನ ಮೇಲೆ ತುಂತುರು ನೀರು ಹಾಯಿಸುತ್ತಾರೆ. ವಿಚಿತ್ರವೆನಿಸಬಹುದು, ಆದರೆ ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖವೇ ಒಳಗಿನ ಚಿಗುರನ್ನು ಉಳಿಸುತ್ತದೆ. ಬಿಸಿಲೇರಿ ಮಂಜುಗಡ್ಡೆ ಕರಗುವವರೆಗೂ ನೀರು ನಿಲ್ಲಿಸುವಂತಿಲ್ಲ, ಮನೆಮಂದಿಗೆಲ್ಲ ಜಾಗರಣೆ.

ಕೊಯ್ಲಿಗೆ ಯಂತ್ರ ಬಳಸುವುದು ನಿಷಿದ್ಧ. ಬೆಳೆಯುವ ಮುಖ್ಯ ತಳಿಗಳು ಮೂರು, ಅವುಗಳಲ್ಲಿ ಎರಡು ಕಪ್ಪು ದ್ರಾಕ್ಷಿ; ಆದರೆ ರಸ ತಿಳಿಯಾಗಿಯೇ ಇರಬೇಕು. ಹಣ್ಣು ಜಜ್ಜಿದರೆ ಸಿಪ್ಪೆಯ ಬಣ್ಣ ರಸಕ್ಕಿಳಿಯುತ್ತದೆ, ಆದ್ದರಿಂದ ಇಡೀ ಗೊಂಚಲನ್ನೇ ಕೈಯಿಂದ ಕತ್ತರಿಸಬೇಕು. 4,000 ಕಿಲೋ ಹಣ್ಣಿನಿಂದ 2,550 ಲೀಟರ್ ರಸ ಮಾತ್ರ ತೆಗೆಯಬಹುದು, ಅದೂ ನಿಯಮವೇ.

ಈ ನಿಯಮಗಳ ಹಿಂದೆ ರೈತರ ಹೋರಾಟವೂ ಇದೆ. 1910ರಲ್ಲಿ ಬೆಳೆ ಕೈಕೊಟ್ಟಿತು. ವ್ಯಾಪಾರಿಗಳು ಹೊರಗಿನಿಂದ ಅಗ್ಗದ ಸರಕು ತಂದು ಶಾಂಪೇನ್ ಹೆಸರಲ್ಲಿ ಮಾರುತ್ತಿದ್ದರು. 1911ರಲ್ಲಿ ರೈತರು ಸಿಡಿದೆದ್ದರು, ಆಯಿ ಎಂಬ ಊರಲ್ಲಿ ವ್ಯಾಪಾರಿಗಳ ಕಟ್ಟಡಗಳು ಹೊತ್ತಿ ಉರಿದವು, ಸೈನ್ಯ ಬಂತು. 1927ರ ಕಾನೂನು ಶಾಂಪೇನ್ ಸೀಮೆಯ ಗಡಿ ಗೊತ್ತುಮಾಡಿತು. 1941ರಲ್ಲಿ ರೈತರೂ ಕಂಪನಿಗಳೂ ಸರಿಸಮನಾಗಿ ಕೂರುವ ಸಮಿತಿ ಬಂತು.

ಅಂದು ನ್ಯಾಯ ಕೇಳಿದ್ದು ನೆಲವುಳ್ಳವರು. ಕೊಯ್ಲಿಗೆಂದು ಕೆಲವೇ ದಿನಗಳ ಮಟ್ಟಿಗೆ ಬರುವ ಕೂಲಿಯವರಿಗೆ ಅದು ಇನ್ನೂ ಪೂರ್ತಿ ದಕ್ಕಿಲ್ಲ. 2023ರ ಸೆಪ್ಟೆಂಬರ್ ಬಿಸಿಲಲ್ಲಿ ಕೊಯ್ಲಿನವರು ಹಲವರು ಜೀವ ಬಿಟ್ಟರು. ಅದೇ ಕೊಯ್ಲಿಗೆ ಬಂದ ವಲಸೆ ಕೂಲಿಗಳನ್ನು ಅಮಾನುಷವಾಗಿ ಇರಿಸಿಕೊಂಡಿದ್ದಕ್ಕೆ, ಮಾನವ ಕಳ್ಳಸಾಗಣೆಯ ಅಪರಾಧದಡಿ, 2025ರ ಜುಲೈನಲ್ಲಿ ಶಾಲೋನ್ ನಗರದ ನ್ಯಾಯಾಲಯ ಮೂವರಿಗೆ ಶಿಕ್ಷೆ ವಿಧಿಸಿತು.