ಬಸ್ಸು ಹತ್ತುವ ಮೆಟ್ಟಿಲು

ಕಂಪ್ಯೂಟರ್ ವಿಷಯ ಮಾತಾಡುತ್ತೇನೆಂದು ನೀವು ಎಣಿಸಿರಬಹುದು. ನಾನು ಹೇಳಬೇಕೆಂದಿರುವುದು ಬಸ್ಸಿನ ವಿಷಯ.

ಕೊಡಗಿಗೆ ಇಂದಿಗೂ ರೈಲಿಲ್ಲ. ಸುಳ್ಯಕ್ಕಾಗಲಿ ಮಡಿಕೇರಿಗಾಗಲಿ ನಮಗೆ ಬಸ್ಸೇ ಗತಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಘಾಟಿ ರಸ್ತೆ ಮುಚ್ಚಿದಾಗ ಅದರ ಬೆಲೆ ಎಲ್ಲರಿಗೂ ತಿಳಿಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ‘ಚಿಗರಿ’ ಬಸ್ಸುಗಳು ಓಡತೊಡಗಿದವು. ಚಿಗರಿ ಅಂದರೆ ಆ ಕಡೆಯ ಮಾತಿನಲ್ಲಿ ಜಿಂಕೆ. ಸುಮಾರು 22 ಕಿಲೋಮೀಟರ್ ಉದ್ದಕ್ಕೆ ರಸ್ತೆಯ ನಡುವೆ ಬಸ್ಸಿಗೇ ಪ್ರತ್ಯೇಕ ದಾರಿ. ಉಳಿದ ವಾಹನಗಳಿಗೆ ಜಾಗ ಸಾಲದು ಎಂಬ ದೂರೂ ಅಲ್ಲಿದೆ. ನನಗೆ ಹಿಡಿಸಿದ್ದು ಅದರ ವೇಗವಲ್ಲ. ನಿಲ್ದಾಣದ ನೆಲ ಬಸ್ಸಿನ ನೆಲದಷ್ಟೇ ಎತ್ತರವಿದೆ. ಕೋಲೂರಿಕೊಂಡ ಅಜ್ಜಿ ಮನೆಯೊಳಗಿಂದ ಜಗಲಿಗೆ ಬಂದ ಹಾಗೆ ಬಸ್ಸಿನೊಳಗೆ ನಡೆದುಹೋಗಬಹುದು.

ಫ್ರಾನ್ಸಿನಲ್ಲಿ ಗ್ರೆನೋಬಲ್ ಎಂಬ ನಗರವಿದೆ, ನಮ್ಮ ಹಾಗೆ ಬೆಟ್ಟಗಳ ನಡುವೆ. ಹಳೆಯ ಟ್ರಾಮನ್ನು ಅವರು 1952ರಲ್ಲಿ ನಿಲ್ಲಿಸಿದ್ದರು. 1983ರಲ್ಲಿ ಜನರ ಮತ ಕೇಳಿ, 1987ರಲ್ಲಿ ಹೊಸ ಟ್ರಾಮ್ ಓಡಿಸಿದರು. ಗಾಲಿಕುರ್ಚಿಯಲ್ಲಿ ಕೂತವರೂ ಹತ್ತುವಂತಿರಬೇಕು ಎಂದು ಅಂಗವಿಕಲರ ಸಂಘಟನೆಗಳು ಪಟ್ಟು ಹಿಡಿದವು. ಹಾಗಾಗಿ ಟ್ರಾಮಿನ ನೆಲವನ್ನೇ ತಗ್ಗಿಸಿದರು. ಎಂಜಿನಿಯರುಗಳಿಗೆ ತಾನಾಗಿ ಹೊಳೆದದ್ದಲ್ಲ, ಕೇಳಿದವರಿದ್ದರು, ಆಯಿತು.

ಸಂಪಾಜೆಗೆ ಟ್ರಾಮ್ ತರೋಣ ಎನ್ನುತ್ತಿಲ್ಲ, ಗಾಬರಿಯಾಗಬೇಡಿ. ಆದರೆ ನಮ್ಮ ಬಸ್ಸಿನ ಮೊದಲ ಮೆಟ್ಟಿಲು ನೋಡಿ. ರಸ್ತೆ ಬದಿಯ ತಗ್ಗಿನಲ್ಲಿ ನಿಂತರೆ ಅದು ಇನ್ನೂ ಮೇಲಾಗುತ್ತದೆ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಆಸ್ಪತ್ರೆಯ ಚೀಟಿ. ಕಂಬಿ ಹಿಡಿಯಲು ಮೂರನೇ ಕೈ ಯಾರಿಗಿದೆ? ಮಂಡಿನೋವಿನ ಹಿರಿಯರು ಸುಳ್ಯದ ಡಾಕ್ಟರ ಬಳಿ ಹೋಗುವುದನ್ನೇ ಮುಂದೂಡುತ್ತಾರೆ.

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ. ನನ್ನ ಅಭಿಪ್ರಾಯ ಬೇರೆ. ಆ ಹಣದಲ್ಲಿ ಶಾಲೆಯ ಹತ್ತಿರ ಒಂದು ತಂಗುದಾಣ ಕಟ್ಟೋಣ. ಅದರ ಜಗಲಿ ಬಸ್ಸಿನ ಮೊದಲ ಮೆಟ್ಟಿಲಿನ ಮಟ್ಟಕ್ಕಿರಲಿ, ಒಂದು ಬದಿಗೆ ಇಳಿಜಾರು, ಹಿಡಿಯಲು ಕಂಬಿ. ಹೆದ್ದಾರಿ ಇಲಾಖೆಯ ಅನುಮತಿ ಬೇಕು, ಸಾರಿಗೆ ಸಂಸ್ಥೆಯೊಡನೆ ಮಾತಾಡಬೇಕು, ಡ್ರೈವರಣ್ಣಂದಿರು ಬಸ್ಸನ್ನು ಜಗಲಿಗೆ ತಾಗುವಂತೆ ನಿಲ್ಲಿಸಬೇಕು. ಕೊನೆಯದೇ ಕಷ್ಟದ ಕೆಲಸ!

ಅರ್ಜಿ ಬರೆಯಲು, ಕಚೇರಿಗೆ ಓಡಾಡಲು ನಾನು ಸಿದ್ಧ. ಸಮಿತಿಯವರು ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.