ನೂರು ತಾಸು ಹಾಡು ಹಚ್ಚಿದ್ರೆ ಇಯರ್‌ಬಡ್ಸ್ ಸುಧಾರಿಸ್ತಾವಾ?

ಈಗ ನಿಮ್ಮ ಕಿವಿಯೊಳಗ ಇರೋದರ ಬಗ್ಗೆನೇ ಇವತ್ತಿನ ಮಾತು.

ಐರಣಿಯ ನನ್ನ ಗೆಳೆಯನೊಬ್ಬ ರಾಣೆಬೆನ್ನೂರಿನಲ್ಲಿ 1,800 ರೂಪಾಯಿ ಕೊಟ್ಟು ಇಯರ್‌ಬಡ್ಸ್ ತಂದ. ಬೇಸ್ ಇಲ್ಲವೇ ಇಲ್ಲ. ಡೊಳ್ಳಿನ ಪದ ಹಚ್ಚಿದ್ರೆ ಖಾಲಿ ಡಬ್ಬಿ ಬಡಿದಂಗ. ಅಂಗಡಿಗೆ ಫೋನ್ ಮಾಡಿದ್ರೆ, “ಹೊಸಾದು ಐತ್ರಿ, ನೂರು ತಾಸು ಹಾಡು ಹಚ್ಚಿ ಇಡ್ರಿ, ಬರ್ನ್-ಇನ್ ಆದ ಮ್ಯಾಲೆ ಸೌಂಡ್ ಬಿಚ್ಚಿಕೊಳ್ತೈತಿ” ಅಂದ್ರಂತೆ. ಬದಲಿ ಕೊಡೋ ಅವಧಿ ಏಳೇ ದಿನ.

ಬಿ.ಕಾಂ. ಓದಿದವನಿಗೆ ಮೊದಲು ಕಾಣೋದು ಲೆಕ್ಕ. 100 ತಾಸು ಅಂದ್ರೆ ಹಗಲು-ರಾತ್ರಿ ಬಿಡದೆ 4 ದಿನ 4 ತಾಸು. ಒಂದು ಚಾರ್ಜ್‌ಗೆ 5 ತಾಸು ನಡೆದರೆ 20 ಸಲ ಚಾರ್ಜ್ ಮಾಡಬೇಕು. ಊಟ, ನಿದ್ದೆ, ಕೆಲಸ ಅಂತ ನಡುವೆ ಬಿಟ್ರೆ ಏಳು ದಿನ ಮುಗೀತು, ವಾಪಸ್ ಕೊಡೋ ದಾರಿನೂ ಮುಚ್ಚಿತು.

ಹಂಗಂತ ಬರ್ನ್-ಇನ್ ಪೂರ್ತಿ ಸುಳ್ಳಲ್ಲ. ದೊಡ್ಡ ಸ್ಪೀಕರ್‌ನಲ್ಲಿ ಕೋನ್ ಹಿಡಿದಿರುವ ರಬ್ಬರ್ ಅಂಚು, ಅದರ ಹಿಂದಿನ ಬಟ್ಟೆಯ ಮಡಿಕೆ ಹೊಸದರಲ್ಲಿ ಬಿಗಿಯಾಗಿರುತ್ತವೆ. ಅಲುಗಾಡಿದಂತೆ ತುಸು ಸಡಿಲಾಗುತ್ತವೆ, ಅದು ಅಳತೆಗೂ ಸಿಗುತ್ತದೆ. ಇಯರ್‌ಬಡ್‌ನಲ್ಲಿರೋದು ಕೆಲವೇ ಮಿಲಿಮೀಟರ್ ಅಗಲದ ಪೊರೆ. ಅಮೆರಿಕದ ಟಿಲ್ ಹರ್ಟ್ಸೆನ್ಸ್ ಅನ್ನೋರು ದೊಡ್ಡ ಹೆಡ್‌ಫೋನನ್ನೇ, ಎಕೆಜಿ ಕ್ಯೂ701, ಅಳೆದು ನೋಡಿದ್ದರು. ಸಿಕ್ಕ ಬದಲಾವಣೆ ಬಹಳ ಸಣ್ಣದು. ಕಿವಿಯಿಂದ ತೆಗೆದು ಇನ್ನೊಮ್ಮೆ ಕೂರಿಸಿದ್ರೂ ಸೌಂಡ್ ಅದಕ್ಕಿಂತ ಹೆಚ್ಚು ಬದಲಾಗಬಹುದು.

ನಮ್ಮ ಕಡೆ ಹಲಗೆ ಬಾರಿಸೋರು ಮೊದಲು ಬೆಂಕಿಗೆ ಕಾಸ್ತಾರ, ನೋಡೀರಲ್ಲ? ತೊಗಲಿನ ತೇವ ಆರಿ ಬಿಗಿಯಾಗಿ ನಾದ ಏರ್ತದ. ಓಣಿಯ ಆ ತುದಿಯವರಿಗೂ ಗೊತ್ತಾಗ್ತದ. ತಂಪು ಹಿಡಿದ್ರೆ ಮತ್ತೆ ಕೆಡ್ತದ. ಬರ್ನ್-ಇನ್ ನಂಬೋರು ಹೇಳೋದ್ರಲ್ಲಿ ಮಾತ್ರ ಸೌಂಡ್ ಯಾವಾಗಲೂ ಸುಧಾರಿಸೋದೇ, ಒಬ್ಬರದೂ ಕೆಡೋದಿಲ್ಲ! ನನಗೆ ಅನುಮಾನ ಬಂದಿದ್ದೇ ಅಲ್ಲಿ. ವಾರಗಟ್ಟಲೆ ಕೇಳ್ತಾ ಪಳಗೋದು ಹೆಚ್ಚಾಗಿ ನಮ್ಮ ಕಿವಿ, ನಮ್ಮ ತಲೆ.

ಗೆಳೆಯನಿಗೆ ಹೇಳಿದೆ: ಡಬ್ಬಿಯೊಳಗಿನ ದೊಡ್ಡ ರಬ್ಬರ್ ತುದಿ ಹಾಕಿ ನೋಡು. ತುದಿ ಸಡಿಲಿದ್ರೆ ಗಾಳಿ ಸೋರಿ ಬೇಸ್ ಮೊದಲು ಹೋಗ್ತದ. ಬಲಗಿವಿಯಲ್ಲಿ ಒಂದೇ ನಿಮಿಷಕ್ಕೆ ಡೊಳ್ಳು ಬಂತು. ಎಡಗಿವಿಯಲ್ಲಿ ಬರಲೇ ಇಲ್ಲ. ಫೋನ್ ಸೆಟ್ಟಿಂಗ್‌ನಲ್ಲಿ ಮೋನೋ ಹಾಕಿದ್ರೂ ಅಷ್ಟೇ. ಅದು ದೋಷ, ನೂರಲ್ಲ, ಸಾವಿರ ತಾಸಿಗೂ ಹೋಗೋದಿಲ್ಲ. ಐದನೇ ದಿನ ಬಸ್ ಹತ್ತಿ ಹೋಗಿ ಬದಲಿ ತಂದ.

ಹೊಸಾದು ತಂದ್ರೆ ಮೊದಲ ದಿನವೇ ತುದಿ ಬದಲಿಸಿ, ಎಡ-ಬಲ ಹೋಲಿಸಿ, ಫೋನ್‌ನಲ್ಲಿ ಮಾತಾಡಿ ನೋಡ್ರಿ. ‘ಪಳಗಿಸೋಕೆ’ ಅಂತ ಫುಲ್ ವಾಲ್ಯೂಮ್ ಇಟ್ಟು ಕಿವಿಗೆ ಹಾಕ್ಕೋಬ್ಯಾಡ್ರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ತಾಸು. ಬಿಲ್ ಮಾತ್ರ ಇವತ್ತೇ ಫೋಟೋ ತೆಗೆದಿಡ್ರಿ. ಆ ಕಾಗದದ ಮ್ಯಾಲಿನ ಅಕ್ಷರ ದಿನ ಕಳೆದಂಗ ಮಾಯ ಆಗಬಹುದು.